ಒಂದು ಲಕೋಟೆಗೆ ಒಂದೇ ಅರ್ಜಿ

ಜುಲೈ 4, 2020. ಶನಿವಾರ. ಸಂಜೆ 5

ಏಳು ಪೆಟ್ಟಿಗೆ ಕೊಯ್ದು ಮುಗಿಯಿತು. ಬೆರಳು ಉರಿಯುತ್ತಿದೆ. ಆ ರಟ್ಟು ಕತ್ತರಿಗೆ ಬಗ್ಗುವುದಿಲ್ಲ, ಬ್ಲೇಡೇ ಬೇಕು. ವೇದವಲ್ಲಿ ಅಕ್ಕನ ಬಿಲ್ಡಿಂಗಿನ ಸೈಕಲ್ ಶೆಡ್ಡಿನಲ್ಲಿ ಕೂತಿದ್ದೆವು. ಕೊರೋನಾ ಕಾಲದಲ್ಲಿ ಏಳು ಜನ ಒಂದೇ ಮನೆಯೊಳಗೆ ಸೇರುವಂತಿಲ್ಲ. ಎಲ್ಲರಿಗೂ ಮಾಸ್ಕ್, ಎಲ್ಲರಿಗೂ ಬೆವರು.

ಮಕ್ಕಳ ಆನ್‌ಲೈನ್ ಕ್ಲಾಸಿಗೆ ಕೊಂಡ ಆರು ಟ್ಯಾಬ್ಲೆಟ್, ನನ್ನ ವರ್ಕ್ ಫ್ರಂ ಹೋಮ್‌ಗೆ ಒಂದು ಮಾನಿಟರ್. ಎಲ್ಲ ಒಂದೇ ಕಂಪನಿ. ‘ಹತ್ತು ಸಾವಿರ ಯೆನ್ ಕ್ಯಾಶ್‌ಬ್ಯಾಕ್’ ಎಂದು ಪೆಟ್ಟಿಗೆಯ ಮೇಲೆ ಅಂಗೈಯಗಲದ ಅಕ್ಷರ. ಪಡೆಯುವ ವಿಧಾನ ಮಾತ್ರ ಇರುವೆ ಗಾತ್ರದಲ್ಲಿ. ಮೂಲ ರಸೀದಿ. ಪೆಟ್ಟಿಗೆಯಿಂದ ಕತ್ತರಿಸಿದ ಬಾರ್‌ಕೋಡ್. ಗ್ಯಾರಂಟಿ ಕಾರ್ಡಿನ ಪ್ರತಿ. ರೆಸಿಡೆನ್ಸ್ ಕಾರ್ಡಿನಲ್ಲಿರುವಂತೆಯೇ ಹೆಸರು. ಎಲ್ಲವನ್ನೂ ಅಂಚೆಯಲ್ಲೇ ಕಳಿಸಬೇಕು. ಜನ ಬೇಸತ್ತು ಕೈಬಿಡಲಿ ಎಂದೇ ಕಟ್ಟಿದ ವ್ಯವಸ್ಥೆ. ಕೈಬಿಟ್ಟವರ ಹಣವೇ ಇವರ ಲಾಭ.

ಚಾಮುಂಡೇಶ್ವರಿಯ ಹೆಸರು ಫಾರ್ಮಿನ ಚೌಕಗಳಲ್ಲಿ ಹಿಡಿಸಲಿಲ್ಲ. ವೇದವಲ್ಲಿ ಅಕ್ಕ: “ಆ ತಾಯಿಗೆ ಹದಿನೆಂಟು ಕೈ ಇದೆ. ಇವರ ಹತ್ರ ನಾಲ್ಕು ಬಾಕ್ಸ್ ಎಕ್ಸ್‌ಟ್ರಾ ಇಲ್ವಾ?” ಎಲ್ಲರೂ ನಕ್ಕರು. ಚಾಮು ನಗಲಿಲ್ಲ. ತಾನೇ ಬರೆಯುತ್ತೇನೆಂದು ಪೆನ್ನು ಕಸಿದುಕೊಂಡಳು. ನಾಲಿಗೆ ಕಚ್ಚಿಕೊಂಡು, ಜಪಾನೀ ಲಿಪಿ ಕತಾಕಾನಾದ ಒಂದೊಂದೇ ಅಕ್ಷರ. ಕೊನೆಯ ಎರಡು ಚೌಕದ ಹೊರಗೆ.

ಹಣ ಬರುವುದು ಪೋಸ್ಟಲ್ ಮನಿ ಆರ್ಡರ್ ಆಗಿ, ಅರ್ಜಿದಾರರ ಹೆಸರಿಗೇ. ಅದಕ್ಕೇ ಆರೂ ಹೆಂಗಸರ ಹೆಸರಲ್ಲಿ ಹಾಕಿಸಿದೆ. ಜಪಾನ್ ಸರ್ಕಾರ ಮೊನ್ನೆ ಕೊರೋನಾ ಪರಿಹಾರವೆಂದು ತಲೆಗೊಂದು ಲಕ್ಷ ಯೆನ್ ಕೊಟ್ಟಿತು. ಚಾಮುವಿನ ತಲೆಗೂ ಕೊಟ್ಟಿತು. ಹೋಗಿದ್ದು ಮನೆಯ ಯಜಮಾನನೆಂದು ಅವಳ ಗಂಡ ಜಯಪ್ರಕಾಶನ ಖಾತೆಗೆ! ಅವಳು ಡಿಸೆಂಬರಿನ ಜಪಾನೀ ಭಾಷಾ ಪರೀಕ್ಷೆಗೆ ಫೀಸು ಕೇಳಿದರೆ ಆ ಮಹಾಶಯ ಅಂದನಂತೆ, “ತರಕಾರಿ ಕೊಳ್ಳೋಕೆ ಸರ್ಟಿಫಿಕೇಟ್ ಬೇಕಾ?” ಕ್ಯಾಶ್‌ಬ್ಯಾಕ್ ಬಂದರೆ ಮಾತ್ರ ನಿನ್ನದು ಎಂದಿದ್ದಾನೆ. ಬರುವುದಿಲ್ಲ ಎಂಬ ನಂಬಿಕೆಯ ಮೇಲೆ.

ಬರುತ್ತದೆ.

ಜುಲೈ 12. ಭಾನುವಾರ

ನಿಯಮಗಳನ್ನು ಕನ್ನಡಕ್ಕೆ ಇಳಿಸಿ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಇದ್ದದ್ದು ಹನ್ನೊಂದು. ಹಾಕಿದ್ದು ಹತ್ತು.

ಏಳನೆಯದು: ಒಂದು ಲಕೋಟೆಗೆ ಒಂದೇ ಅರ್ಜಿ. ಓದಿದೆ. ಎರಡು ಸಲ ಓದಿದೆ. ಬಿಟ್ಟೆ — ಬೇಕೆಂದೇ. ಹೇಳಿದ್ದರೆ ಹೆದರುತ್ತಿದ್ದರು. ಬೆಂಗಳೂರಿನಲ್ಲಿ ಆಫೀಸ್ ಗೇಟಿನ ಹೊರಗೆ ಹಂಚುತ್ತಿದ್ದ ನೌಕರರ ಸಂಘದ ಹಳದಿ ಕರಪತ್ರಗಳನ್ನು ಇಲ್ಲಿಗೂ ತಂದಿದ್ದೇನೆ. ಅವುಗಳಲ್ಲೊಂದು ಸಾಲು: ಒಬ್ಬೊಬ್ಬರಾಗಿ ಕೇಳಿದರೆ ಅರ್ಜಿ, ಒಟ್ಟಾಗಿ ಕೇಳಿದರೆ ಬೇಡಿಕೆ. ಏಳನೇ ನಿಯಮ ಬರೆದವನಿಗೂ ಇದು ಗೊತ್ತಿದೆ, ಅದಕ್ಕೇ ಬರೆದಿದ್ದಾನೆ. ಏಳೂ ಅರ್ಜಿ ಒಂದೇ ಲಕೋಟೆಯಲ್ಲಿ, ರಿಜಿಸ್ಟರ್ಡ್, ಮೇಲೊಂದು ಪತ್ರ. ಏಳು ಜನರನ್ನು ಒಂದೇ ಏಟಿಗೆ ತಿರಸ್ಕರಿಸುವ ಧೈರ್ಯ ಯಾವ ಕಂಪನಿಗಿದೆ?

ವೇದವಲ್ಲಿ ಅಕ್ಕನ ಫೋನ್.
“ಬೇರೆ ಬೇರೆ ಹಾಕೋಣ್ವೇನೇ ಜಾಹ್ನವಿ? ಸ್ಟಾಂಪ್ ಖರ್ಚು ನಂದೇ ಇರ್ಲಿ.”
“ಅಕ್ಕಾ, ನಾವು ಬೇರೆ ಬೇರೆ ಆಗ್ಲಿ ಅಂತಾನೇ ಅವರಿಗೆ ಬೇಕಿರೋದು.”
“ಅವರಿಗೇನು ಬೇಕೋ ಗೊತ್ತಿಲ್ಲಮ್ಮ. ನನಗೆ ಹತ್ತು ಸಾವಿರ ಬೇಕು.”

ಇವರನ್ನು ಕಟ್ಟಿಕೊಂಡು ಹೋರಾಟ!

ಜುಲೈ 13. ಸೋಮವಾರ. ಲಂಚ್ ಅವರ್

ಕಳಿಸಿದೆ. ಕೊನೆಯ ದಿನಕ್ಕೆ ಎರಡು ದಿನ ಮೊದಲು. ಕಳುಹಿಸುವವರ ಜಾಗದಲ್ಲಿ ಒಂದೇ ಹೆಸರಿಗೆ ಸ್ಥಳ. ನನ್ನದು ಬರೆದು ‘ಮತ್ತು ಆರು ಮಂದಿ’ ಎಂದು ಸೇರಿಸಿದೆ.

ಚಾಮು ಪೋಸ್ಟಾಫೀಸಿಗೆ ಸೈಕಲ್ಲಿನಲ್ಲಿ ಬಂದಿದ್ದಳು. ದುಡ್ಡು ಬಂದಾಗ ಇದೇ ಕೌಂಟರಾ ಎಂದು ಕೇಳಿದಳು. ಹೌದು, ಚೀಟಿ ನಿನ್ನ ಹೆಸರಿಗೆ ಇರುತ್ತೆ, ಬೇರೆ ಯಾರಿಗೂ ಕೊಡಲ್ಲ, ನೀನೇ ಬರಬೇಕು ಎಂದೆ. ಹಿಂದಿರುಗುವಾಗ ದಾರಿಯುದ್ದಕ್ಕೂ ಮಾಸ್ಕಿನೊಳಗೇ ಅಭ್ಯಾಸ — “ಕವಾಸೆ ಒನೆಗಾಯ್ ಶಿಮಾಸು.” ಮನಿ ಆರ್ಡರ್, ದಯವಿಟ್ಟು. ಸಿಗ್ನಲ್ಲಿನಲ್ಲಿ ನಿಂತಾಗ ಇನ್ನೊಮ್ಮೆ.

ಆಗಸ್ಟ್ 29. ಶನಿವಾರ

ಆರು ವಾರ ದಾಟಿತು. ಏನೂ ಇಲ್ಲ. ಇಂಡಿಯನ್ ಅಂಗಡಿಯಲ್ಲಿ, ತೊಗರಿಬೇಳೆಯ ಎದುರು, ಜಯಪ್ರಕಾಶ.
“ಏನ್ ಕಾಮ್ರೇಡ್, ಕ್ರಾಂತಿ ಪೋಸ್ಟಲ್ಲಿ ಬರ್ತಿದ್ಯಾ? ಟ್ರ್ಯಾಕಿಂಗ್ ನಂಬರ್ ಇದ್ರೆ ಹೇಳಿ.”
ಎರಡು ಮೀಟರ್ ದೂರ ನಿಲ್ಲಿ ಎಂದೆ. ಅವಮಾನ.

ಚಾಮುವಿನ ಕ್ಲಾಸಿನ ಟೀಚರ್ ಪರೀಕ್ಷೆಯ ಫಾರ್ಮು, ಫೀಸು ಸೆಪ್ಟೆಂಬರ್ 25ರೊಳಗೆ ಬೇಕೆಂದಿದ್ದಾರೆ. ಸದ್ಯಕ್ಕೆ ನಾನು ಕೊಡುತ್ತೇನೆ ಎಂದೆ. “ಬೇಡ ರೀ. ಇವರ ಹತ್ರ ಕೇಳೋದೂ, ನಿಮ್ಮ ಹತ್ರ ಕೇಳೋದೂ... ಕೇಳೋದು ಕೇಳೋದೇ ತಾನೇ? ನಂದು ಬರುತ್ತಲ್ಲ.”

ಸೆಪ್ಟೆಂಬರ್ 8. ಮಂಗಳವಾರ

ಕಂಪನಿಯ ಕ್ಯಾಶ್‌ಬ್ಯಾಕ್ ನೋಡಿಕೊಳ್ಳುವ ಕ್ಯಾಂಪೇನ್ ಸೆಂಟರಿಗೆ ಫೋನು. ನಿಮಿಷಕ್ಕಿಷ್ಟು ಎಂದು ನಮ್ಮದೇ ಖರ್ಚು. ಹೊರಿಗುಚಿ ಸಾನ್ ಎಂಬವರು. ತುಂಬ ಮೃದು ದನಿ. ಹದಿನಾಲ್ಕು ನಿಮಿಷದಲ್ಲಿ ಒಂಬತ್ತು ಸಲ ಕ್ಷಮೆ ಕೇಳಿದರು. ಎಣಿಸಿದೆ.

ಏಳನೇ ನಿಯಮದ ಪ್ರಕಾರ ಒಂದು ಲಕೋಟೆಗೆ ಒಂದೇ ಅರ್ಜಿ. ಆದ್ದರಿಂದ ಒಂದನ್ನು ಸ್ವೀಕರಿಸಲಾಗಿದೆ. ಲಕೋಟೆಯ ಮೇಲೆ ಯಾರ ಹೆಸರಿತ್ತೋ ಅವರದು. ಉಳಿದ ಆರು ಅನರ್ಹ. ಮತ್ತೆ ಕಳಿಸಬಹುದೇ? ಅವಧಿ ಮುಗಿದಿದೆ. ಬಾರ್‌ಕೋಡ್ ವಾಪಸ್? ಎಂಟನೇ ನಿಯಮ, ಹಿಂತಿರುಗಿಸುವುದಿಲ್ಲ. ನನ್ನ ಪತ್ರ ಓದಿದಿರಾ? ‘ಅಭಿಪ್ರಾಯಗಳು’ ಎಂಬ ಫೈಲಿನಲ್ಲಿ ಭದ್ರವಾಗಿದೆಯಂತೆ.

ಒಂದನ್ನು ಸ್ವೀಕರಿಸಲಾಗಿದೆ. ನನ್ನದು.

ಕೂಗಾಡಿದೆ. ಜಪಾನೀ ಭಾಷೆಯಲ್ಲಿ ಕೂಗಾಡಲು ನನಗೆ ಸಾಕಷ್ಟು ಪದ ಗೊತ್ತಿಲ್ಲ. ಇಂಗ್ಲಿಷಿಗೆ ಇಳಿದೆ. ಆತ ಹತ್ತನೇ ಸಲ ಕ್ಷಮೆ ಕೇಳಿದರು.

ಸೆಪ್ಟೆಂಬರ್ 11. ಶುಕ್ರವಾರ

ಬಂತು. ಹಸಿರು ಚೀಟಿ. ಜೊತೆಗೆ ಕಂಪನಿಯ ಧನ್ಯವಾದದ ಕಾರ್ಡು, ಅಂಚಿಗೆ ಹೂವಿನ ಚಿತ್ರ.

ಯಾರಿಗೂ ಹೇಳಿಲ್ಲ. ಗ್ರೂಪಿನಲ್ಲಿ ವೇದವಲ್ಲಿ ಅಕ್ಕ: ‘ಏನಾದ್ರೂ ನ್ಯೂಸಾ?’ ನೋಡಿಯೂ ನೋಡದಂತೆ ಇದ್ದೇನೆ. ಎರಡು ನೀಲಿ ಟಿಕ್ ಅವರಿಗೆ ಕಾಣುತ್ತದೆ.

ಸೆಪ್ಟೆಂಬರ್ 14. ಸೋಮವಾರ

ಇದನ್ನು ಪೂರ್ತಿ ಬರೆಯಬೇಕು. ಬಿಡಬಾರದು.

ಲಂಚ್‌ನಲ್ಲಿ ಚೀಟಿ ನಗದು ಮಾಡಿಸಿದೆ. ಹೊಸ ನೋಟು, ಬಿಳಿ ಕವರು. ಪಾರ್ಕಿಗೆ ಹೋದೆ. ಚಾಮು ಬೆಂಚಿನ ಮೇಲೆ, ಮಗಳು ಜಾರುಬಂಡೆಯ ಹತ್ತಿರ. ಕವರು ಕೊಟ್ಟು, “ನಿಂದು ಬಂತು” ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಹೇಗೆ?

ಕವರು ತೆರೆದಳು. ನೋಟು ನೋಡಿದಳು. ಹಿಂದೆ ಮುಂದೆ ತಿರುಗಿಸಿದಳು.
“ಚೀಟಿ ಎಲ್ಲಿ?”
“ನಾನೇ ಕ್ಯಾಶ್ ಮಾಡಿಸಿಕೊಂಡು ಬಂದೆ.”
“ನನ್ನ ಹೆಸರಿನ ಚೀಟಿ ಬೇರೆ ಯಾರಿಗೂ ಕೊಡಲ್ಲ ಅಂದಿದ್ರಲ್ಲ?”

ಅವಳು ಕಾದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ. ಕೊನೆಗೆ ಎಲ್ಲ ಹೇಳಿದೆ. ಲಕೋಟೆ, ಏಳನೇ ನಿಯಮ, ಒಂದೇ ಸ್ವೀಕೃತ. ಕಂಪನಿಯ ಮೋಸದ ಬಗ್ಗೆಯೂ ಹೇಳಿದೆ. ಹೆಚ್ಚಾಗಿ ಅದರ ಬಗ್ಗೆಯೇ.

“ಆ ರೂಲು ನೀವು ಆಮೇಲೆ ನೋಡಿದ್ರಾ?”
“ಇಲ್ಲ. ಮೊದಲೇ.”
“ಓದಿ, ನಮಗೆ ಹೇಳ್ಲಿಲ್ಲ.”
“ಹೇಳಿದ್ರೆ ನೀವೆಲ್ಲ ಹೆದರ್ತಿದ್ರಿ ಚಾಮು...”
“ನಮ್ಮನೆಯವರೂ ಇದೇ ಮಾತು ಹೇಳೋದು. ಬ್ಯಾಂಕಿಂದು, ವೀಸಾದ್ದು, ಎಲ್ಲ ಅವರೇ ಓದ್ತಾರೆ. ನಿಂಗ್ಯಾಕೆ ಟೆನ್ಷನ್ ಅಂತಾರೆ.” ಕವರನ್ನು ಬೆಂಚಿನ ಮೇಲೆ, ನನ್ನ ಕಡೆಗೆ ಸರಿಸಿದಳು. “ಅವರು ಜೋರು ಮಾಡಲ್ಲ. ನೀವು ಜೋರು ಮಾಡ್ತೀರಿ. ಅಷ್ಟೇ ವ್ಯತ್ಯಾಸ.”

ಮಗಳನ್ನು ಕರೆದಳು. ಮಗು ಜಪಾನೀ ಭಾಷೆಯಲ್ಲಿ ಏನೋ ಹಟ ಮಾಡಿತು. ಹೋದರು.

ಜಯಪ್ರಕಾಶನ ಜೊತೆ ನನ್ನನ್ನು ತೂಗಿದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಸೆಪ್ಟೆಂಬರ್ 16. ಬುಧವಾರ

ಗ್ರೂಪಿಗೆ ಬರೆದೆ. ಮೊದಲ ಕರಡಿನಲ್ಲಿ ಬಂಡವಾಳಶಾಹಿ ಎಂಬ ಪದ ಮೂರು ಕಡೆ ಇತ್ತು. ತೆಗೆದೆ. ಉಳಿದದ್ದು ನಾಲ್ಕು ಸಾಲು. ಹತ್ತು ಸಾವಿರವನ್ನು ಆರು ಜನರಿಗೆ ಹಂಚುತ್ತೇನೆ ಎಂದೆ. ಯಾರೂ ಬೇಡ, ಬೇಕು ಅನ್ನಲಿಲ್ಲ. ಇಬ್ಬರು ಗ್ರೂಪ್ ಬಿಟ್ಟರು. ವೇದವಲ್ಲಿ ಅಕ್ಕ ಫೋನ್ ಮಾಡಿದರು.
“ನಿನ್ನ ಸಂಘಕ್ಕೆ ನೀನೊಬ್ಬಳೇ ಮೆಂಬರ್ ಕಣೇ. ಬೋನಸ್ಸೂ ನಿಂಗೇ ಬಂತು.”
ನಗುತ್ತಲೇ ಅಂದರು. ಆಮೇಲೆ ನಗು ನಿಲ್ಲಿಸಿ, ಊಟ ಆಯ್ತಾ ಎಂದು ಕೇಳಿದರು. ಅದು ಇನ್ನೂ ಕೆಟ್ಟದಾಗಿತ್ತು.

ಚಾಮು ಒಂದೇ ಮೆಸೇಜು: ‘ರೂಲ್ಸ್ ಪೇಪರ್ ಜಪಾನೀಸಲ್ಲೇ ಕಳಿಸಿ. ಕನ್ನಡ ಬೇಡ.’ ಕಳಿಸಿದೆ.

ಸೆಪ್ಟೆಂಬರ್ 25. ಶುಕ್ರವಾರ. ಮಧ್ಯಾಹ್ನ 3:40

ಐದಕ್ಕೆ ಟೀಚರ್ ಪರೀಕ್ಷೆಯ ಪಟ್ಟಿ ಮುಚ್ಚುತ್ತಾರೆ. ಚಾಮುವಿನ ಹೆಸರು ಅದರಲ್ಲಿಲ್ಲ.

ಅವಳು ನನ್ನ ಮನೆಯಲ್ಲಿದ್ದಾಳೆ. ಮೇಜಿನ ಆ ಕಡೆ. ಹೇಳದೆ ಬಂದಳು. ಕೈಯಲ್ಲಿ ಪ್ರಿಂಟ್ ತೆಗೆದ ನಿಯಮದ ಹಾಳೆ, ಅಕ್ಷರಗಳ ತಲೆಯ ಮೇಲೆಲ್ಲ ಪೆನ್ಸಿಲ್ಲಿನಲ್ಲಿ ಕನ್ನಡ ಉಚ್ಚಾರ. ಹನ್ನೊಂದು ನಿಯಮಕ್ಕೂ. ಒಂಬತ್ತು ದಿನ ಹಿಡಿಯಿತಂತೆ. ಸೆಂಟರಿಗೆ ಫೋನ್ ಹಚ್ಚಿಕೊಡಿ, ಸ್ಪೀಕರ್ ಹಾಕಿ, ಮಾತಾಡೋದು ನಾನು ಎಂದಳು. “ನೀವು ಬಾಯಿ ಹಾಕ್ಬಾರ್ದು.”

ಒಪ್ಪಿದರೂ ಹಣ ಇವತ್ತು ಬರುವುದಿಲ್ಲ ಎಂದೆ. “ಗೊತ್ತು” ಎಂದಳು.

ಬಾಯಿ ಹಾಕದಿರಲೆಂದೇ ಬರೆಯುತ್ತಾ ಕೂತಿದ್ದೇನೆ. ಹೊರಿಗುಚಿ ಸಾನ್ ಅವರೇ ಎತ್ತಿದರು. ಹೆಸರು ಹೇಳಿದಳು, ಪೂರ್ತಿ, ಚೌಕಕ್ಕೆ ಹಿಡಿಸದಷ್ಟೂ. ಲಕೋಟೆ ನನ್ನದಲ್ಲ, ಅರ್ಜಿ ನನ್ನದು ಎಂದಳು. ವಿಭಕ್ತಿ ತಪ್ಪಿತು. ತಿದ್ದಲು ನನ್ನ ತುಟಿ ತೆರೆಯಿತು. ನೋಡಿದಳು. ಮುಚ್ಚಿಕೊಂಡೆ. ಏಳನೇ ನಿಯಮ ನನಗೆ ಯಾರೂ ಓದಿ ಹೇಳಲಿಲ್ಲ ಎಂದಳು. ಯಾರು ಹೇಳಬೇಕಿತ್ತು ಎಂದು ಆತ ಕೇಳಿದರು. ಕಳಿಸಿದವರು ಎಂದಳು, ನನ್ನತ್ತ ನೋಡದೆ. ಮೇಲಿನವರನ್ನು ಕೇಳುತ್ತೇನೆ, ಸ್ವಲ್ಪ ಕಾಯಿರಿ ಎಂದರು. ಈ ಸಲ ಕ್ಷಮೆ ಕೇಳಲಿಲ್ಲ.

ಸಂಗೀತ. ಆರು ನಿಮಿಷವಾಯಿತು. ಅವಳ ಬೆರಳು ಹಾಳೆಯ ಮೇಲೆ, ಮುಂದಿನ ವಾಕ್ಯದ ಕೆಳಗೆ. ಆ ವಾಕ್ಯದಲ್ಲೂ ಒಂದು ತಪ್ಪಿದೆ, ಇಲ್ಲಿಂದಲೇ ಕಾಣುತ್ತದೆ. ಹೇಳುವುದಿಲ್ಲ. ಹೇಳುವುದಿಲ್ಲ. ಏಳು ನಿಮಿಷ.

ಸಂಗೀತ ನಿಂತಿತು. ನೆಟ್ಟಗೆ ಕೂತಳು. “ಹಾಯ್,” ಅಂದಳು, ಅವರ ಭಾಷೆಯ ‘ಹೌದು’. “ಕೇಳಿಸ್ತಿದೆ, ಹೇಳಿ” ಎಂಬುದನ್ನೂ ಅವರದೇ ಭಾಷೆಯಲ್ಲಿ, ಒಂದಕ್ಷರವೂ ತಪ್ಪದೆ. ಆತ ಶುರು ಮಾಡಿದರು —