ಸಂಜೆಯಿಲ್ಲದ ಕಾಯ್ದೆ

ಜುಲೈ 14, ಸೋಮವಾರ

ಮತ್ತೆ ಚಾಕ್ ಮುಗಿದಿದೆ. ಆಫೀಸಿನಲ್ಲಿ ಇಂಡೆಂಟ್ ಹಾಕಿ ಎಂದರು. ಹಾಕಲಿಲ್ಲ. ತುಂಡುಗಳಲ್ಲೇ ಫ್ರೆಂಚ್ ಕ್ರಾಂತಿ ಮುಗಿಸಿದೆ.

ಮೊದಲ ಬೆಂಚಿನಲ್ಲಿ ಎಂದಿನಂತೆ ರಾಜೀವಿ. ಬೆಳಿಗ್ಗೆಯಿಂದ ಮಾರ್ಕೆಟಿನಲ್ಲಿ ಮೀನು ಮಾರಿ, ಮನೆಗೆ ಹೋಗಿ ಸ್ನಾನ ಮಾಡಿ, ಸಂಜೆ ಐದೂವರೆಗೆ ಕ್ಲಾಸಿಗೆ. ನಲವತ್ತು ದಾಟಿದವರು, ಬಿ.ಎ. ಎರಡನೇ ವರ್ಷ. ಕೊನೆಯ ಬೆಂಚು ಸಿಟಿ ಬಸ್ಸಿನ ಕಂಡಕ್ಟರ್ ಯಾಹ್ಯಾನದು. ನಿದ್ದೆ ಮಾಡುತ್ತಾನೆ. ಪ್ರಶ್ನೆ ಕೇಳಿದರೆ ಎದ್ದು ಸರಿಯಾದ ಉತ್ತರ ಕೊಟ್ಟು ಮತ್ತೆ ನಿದ್ದೆ.

ಕ್ಲಾಸಿಗೆ ಮುಂಚೆ ಚಹಾದಂಗಡಿಯ ಟಿವಿಯಲ್ಲಿ — ವಿಶ್ವವಿದ್ಯಾಲಯಗಳ ತಿದ್ದುಪಡಿ ಮಸೂದೆ ಧ್ವನಿಮತದಿಂದ ಪಾಸು. ಗದ್ದಲದ ನಡುವೆ ಯಾರೋ ಓದಿದರು, ಯಾರೋ ಹೌದು ಎಂದರು. ಮುಂದಿನ ಸುದ್ದಿ, ನಂತೂರಿನಲ್ಲಿ ಲಾರಿ ಪಲ್ಟಿ. ಅಂಗಡಿಯವರು ಅದಕ್ಕೆ ವಾಲ್ಯೂಮ್ ಹೆಚ್ಚಿಸಿದರು.

ಜುಲೈ 17, ಗುರುವಾರ

ಲೋಕನಾಥ ಚೇಂಬರಿಗೆ ಕರೆದ. ಪ್ರಿನ್ಸಿಪಾಲ್ ಆಗುವ ಮೊದಲು ನನ್ನ ಸಹಪಾಠಿ. ಈಗಲೂ ಬಾಗಿಲು ಹಾಕಿದ ಮೇಲೆ ಸಹಪಾಠಿಯೇ.

“ಮಸೂದೆ ಓದಿದೆಯಾ ಮಾರಾಯ?”

“ಟಿವಿಯಲ್ಲಿ ನೋಡಿದೆ.”

“ಓದು. ನಮ್ಮ ಕುತ್ತಿಗೆ ಉಂಟು ಅದರಲ್ಲಿ.”

ಓದಿದೆ. ವಿಶ್ವವಿದ್ಯಾಲಯವೇ ನಡೆಸುವ ಕಾಲೇಜುಗಳಲ್ಲಿ ಮಕ್ಕಳು ಕಡಿಮೆ ಇದ್ದ ವಿಭಾಗಗಳನ್ನು ಇನ್ನು ಮುಚ್ಚಬಹುದು, ಇಲ್ಲವೇ ಬೇರೆಯದಕ್ಕೆ ಸೇರಿಸಬಹುದು. ಸಿಂಡಿಕೇಟನ್ನು ಕೇಳಬೇಕಿಲ್ಲ. ಸಮಿತಿಯೊಂದು ಬಂದು ನೋಡಿದರೆ ಸಾಕು. ಲೆಕ್ಕಕ್ಕೆ ಬರುವುದು ದಾಖಲಾತಿಯಲ್ಲ. ಸಮಿತಿ ಬಂದಾಗ ತರಗತಿಯಲ್ಲಿ ಕಣ್ಣಿಗೆ ಕಂಡವರು ಮಾತ್ರ. ನಕಲಿ ದಾಖಲಾತಿ ತಡೆಯಲು ಎಂಬ ವಿವರಣೆ. ಭಾಷೆ ಅಚ್ಚುಕಟ್ಟು. ಬರೆದವರಿಗೆ ಯಾವ ಕೋಪವೂ ಇದ್ದಂತಿಲ್ಲ. ಅದೇ ಹೆದರಿಸುತ್ತದೆ.

ಆಗಸ್ಟ್ 12, ಮಂಗಳವಾರ

ಕಾಯ್ದೆಯಾಯಿತು. ಸಮಿತಿ ಬರುವ ದಿನವೂ ಬಂತು: ಇಪ್ಪತ್ತೊಂದು, ಗುರುವಾರ. ಪರಿಶೀಲನೆ ಕಚೇರಿ ವೇಳೆಯಲ್ಲಿ. ನಮಗೆ ಮಧ್ಯಾಹ್ನ ಮೂರು ಗಂಟೆ.

ಸಂಜೆ ಕಾಲೇಜಿನ ಮಕ್ಕಳನ್ನು ಮಧ್ಯಾಹ್ನ ಮೂರಕ್ಕೆ ಎಣಿಸುವುದು! ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಲೋಕನಾಥ ಸಮಯ ಬದಲಿಸಿ ಎಂದು ಎರಡು ಸಲ ಬರೆದಿದ್ದಾನಂತೆ. ಉತ್ತರ — ನಿಯಮದಲ್ಲಿ ಅವಕಾಶವಿಲ್ಲ.

ಆಗಸ್ಟ್ 19, ಮಂಗಳವಾರ

ಲೋಕನಾಥನ ಉಪಾಯ: ಡೇ ಕಾಲೇಜಿನ ಮಕ್ಕಳನ್ನು ತಂದು ನಮ್ಮ ಬೆಂಚಿನಲ್ಲಿ ಕೂರಿಸುವುದು. ನಾನು ಪಾಠ ಮಾಡುತ್ತಿರುವಂತೆ ನಿಲ್ಲುವುದು. ಸಮಿತಿ ಎಣಿಸಿ ಹೋಗುತ್ತದೆ. “ಹತ್ತು ನಿಮಿಷದ ನಾಟಕ ಪೃಥ್ವಿ, ಎಂತ ಗಂಟು ಹೋಗ್ತದೆ ನಿಂದು?”

ಆಗಲಿ ಎಂದೆ. ಕಾಯ್ದೆ ಕುರುಡಾದರೆ ಅದರ ಮುಂದೆ ವೇಷ ಹಾಕುವುದರಲ್ಲಿ ತಪ್ಪೇನು — ಹೀಗೆ ಒಂದು ವಾಕ್ಯ ತಲೆಯಲ್ಲಿ ಮಾಡಿಕೊಂಡೆ. ಚೆನ್ನಾಗಿ ಮಾಡಿದ ವಾಕ್ಯ. ಅನುಮಾನ ಬಂದದ್ದು ಅಲ್ಲೇ.

ಸಂಜೆ ಕ್ಲಾಸಿನಲ್ಲಿ ಹೇಳಿಬಿಟ್ಟೆ. ಯಾಹ್ಯಾ ಎಚ್ಚರವಾಗಿದ್ದ.

“ಸರ್, ನಾವು ಪ್ರಾಕ್ಸಿ ಹಾಕಿದ್ರೆ ಬೈತೀರಿ. ಈಗ ಕಾಲೇಜೇ ನಮಗೆ ಪ್ರಾಕ್ಸಿ ಹಾಕ್ತದಾ?”

ಎಲ್ಲರೂ ನಕ್ಕರು. ರಾಜೀವಿ ನಗಲಿಲ್ಲ.

“ನನ್ನ ಹೆಸರು ಕರೆದ್ರೆ ಎಸ್ ಸರ್ ಅನ್ನುವವಳು ಯಾರು?”

“ಯಾರೋ ಒಬ್ಬಳು ಹುಡುಗಿ.”

“ಅವಳಿಗೆ ನನ್ನ ಮಾರ್ಕೆಟೂ ನೋಡಿಕೊಳ್ಳಲಿಕ್ಕೆ ಹೇಳಿ ಸರ್. ನಾನು ಆರಾಮದಲ್ಲಿ ಮೂರು ಗಂಟೆಗೇ ಬರ್ತೇನೆ.”

ಮತ್ತೆ ನಗು. ಅಟೆಂಡೆನ್ಸ್ ಕರೆಯಲು ಶುರು ಮಾಡಿದೆ. ಪ್ರತಿಯೊಬ್ಬರೂ ಎಸ್ ಸರ್ ಎನ್ನುವಾಗ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

ಆಗಸ್ಟ್ 21, ಗುರುವಾರ

ಮೂವರು ಬಂದರು. ಅಧ್ಯಕ್ಷರು ಬೆಂಗಳೂರಿನವರು, ನಿವೃತ್ತ ಅಧಿಕಾರಿ. ಕೋಣೆ ತುಂಬ ಡೇ ಕಾಲೇಜಿನ ಮಕ್ಕಳು. ಮೇಜಿನ ಕೆಳಗೆ ಮೊಬೈಲು. ಒಬ್ಬಳ ತುಟಿ ಒಂದೇ ಸಮನೆ ಅಲುಗುತ್ತಿತ್ತು, ಕೊಟ್ಟ ಹೆಸರನ್ನು ಬಾಯಿಪಾಠ ಮಾಡುತ್ತಿದ್ದಳು. ಬೋರ್ಡಿನ ಮೇಲೆ ನನ್ನದೇ ಅಕ್ಷರ. ಬೇರೆ ಯಾರೋ ಬರೆದಂತೆ ಕಂಡಿತು.

ಅಧ್ಯಕ್ಷರು ಆ ಹುಡುಗಿಯನ್ನೇ ಎಬ್ಬಿಸಿದರು. “ಏನಮ್ಮಾ ಹೆಸರು?”

“ರಾಜೀವಿ.”

ಹದಿನೆಂಟರ ಹುಡುಗಿ. ಅಧ್ಯಕ್ಷರು ಬರೆದುಕೊಂಡರು. ಅಷ್ಟೇ. ಹೀಗೆ ಉಳಿಯುವುದಿತ್ತು ಕಾಲೇಜು.

“ಇವಳು ರಾಜೀವಿ ಅಲ್ಲ,” ಎಂದೆ. ಬಾಯಿಯಿಂದ ಹೊರಟ ಮೇಲೆ ಕೇಳಿಸಿತು. “ರಾಜೀವಿ ಈಗ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದಾರೆ. ಇದು ಸಂಜೆ ಕಾಲೇಜು. ಐದೂವರೆಗೆ ಬನ್ನಿ, ಎಲ್ಲರೂ ಇರುತ್ತಾರೆ.”

ಲೋಕನಾಥ ಕಿಟಕಿಯ ಕಡೆ ತಿರುಗಿದ. ಆಚೆ ಟ್ರಾನ್ಸ್‌ಫಾರ್ಮರ್ ಬಿಟ್ಟರೆ ನೋಡುವಂಥದ್ದೇನೂ ಇಲ್ಲ.

“ಏನ್ರೀ ಇದು? ಆರೂವರೆಗೆ ಫ್ಲೈಟ್ ಇದೆ ನಮಗೆ.”

“ನಾಳೆಯೂ ಫ್ಲೈಟ್ ಉಂಟು.”

“ಆ್ಯಕ್ಟಲ್ಲಿ ಸಂಜೆ ಅಂತ ಎಲ್ಲಿದೆ, ತೋರಿಸಿ.”

“ಇಲ್ಲ. ಅದನ್ನೇ ಹೇಳುತ್ತಿದ್ದೇನೆ.”

ಸೊನ್ನೆ ಬರೆದರು. ಜೊತೆಗೆ, ಸಮಿತಿಯ ದಾರಿ ತಪ್ಪಿಸುವ ಯತ್ನ. ಕಾರು ಬಜಪೆ ವಿಮಾನ ನಿಲ್ದಾಣಕ್ಕೆ ಹೊರಟಿತು.

ಲೋಕನಾಥ ಬಾಗಿಲು ಹಾಕಿದ. “ಹರಿಶ್ಚಂದ್ರನಾ ನೀನು? ಹೋಗಿ ಸ್ಮಶಾನ ಕಾಯಿ ಈಗ.” ಅವನೂ ಕಾಲೇಜು ಉಳಿಸಲೇ ಹೊರಟವನು. ನಮ್ಮಿಬ್ಬರ ನಡುವೆ ವ್ಯತ್ಯಾಸ ಬಹಳವಿಲ್ಲ. ಆದರೆ ಇದೆ.

ಸಂಜೆ ಎಲ್ಲರೂ ಬಂದರು. ನಡೆದದ್ದು ಹೇಳಿದೆ. ಸೊನ್ನೆ ಎಂದಾಗ ಯಾಹ್ಯಾ ತನ್ನ ಕೈ ಚಿವುಟಿ ನೋಡಿಕೊಂಡ. “ಇದ್ದೇನೆ ಸರ್.” ಪಾಠ ಮುಂದುವರಿಸಿದೆವು.

ಸೆಪ್ಟೆಂಬರ್ 16, ಮಂಗಳವಾರ

ಆದೇಶ ಬಂತು. ಹೊಸ ಪ್ರವೇಶ ಇಲ್ಲ. ಈಗಿರುವವರು ಡೇ ಕಾಲೇಜಿಗೆ ವಿಲೀನ, ಬೆಳಿಗ್ಗೆ ಹತ್ತರಿಂದ. ಅಂದರೆ ಮೀನು ಮಾರುವವರು ಮಾರುವುದು ಬಿಡಬೇಕು, ಬಸ್ಸಿನವನು ಬಸ್ಸು ಬಿಡಬೇಕು. ಇಲ್ಲವೇ ಓದು ಬಿಡಬೇಕು. ಕಾಯ್ದೆ ಯಾರನ್ನೂ ಹೊರಗೆ ಹಾಕಿಲ್ಲ. ಅವರಾಗಿಯೇ ಹೋಗುವಂತೆ ಮಾಡಿದೆ.

ನನಗೆ ರಿಜಿಸ್ಟ್ರಾರರಿಂದ ಶೋಕಾಸ್ ನೋಟಿಸ್. ಬಂದ ಸಮಿತಿಯನ್ನು ಅವಮಾನಿಸಿದ್ದಕ್ಕೆ.

ಸೆಪ್ಟೆಂಬರ್ 18, ಗುರುವಾರ

ಉತ್ತರ ಬರೆದೆ. ಒಂದೇ ಸಾಲು: ‘ತಾವು ಯಾವ ಸಂಜೆ ಬಂದರೂ ನಾನೂ ನನ್ನ ವಿದ್ಯಾರ್ಥಿಗಳೂ ತರಗತಿಯಲ್ಲಿರುತ್ತೇವೆ.’

ಹೆಂಡತಿ ಕುಶಲಾ ಕನ್ನಡಕ ಹಾಕಿಕೊಂಡು ಓದಿದಳು. ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದಳು.

“ಇಷ್ಟೇಯಾ? ಕ್ಷಮೆ ಎಲ್ಲಿ ಉಂಟು?”

“ಇಲ್ಲ.”

“ಸಸ್ಪೆಂಡ್ ಮಾಡ್ತಾರೆ.”

“ಮಾಡಬಹುದು.”

“ಅಣ್ಣನ ಹೋಟೆಲಿನಲ್ಲಿ ಕೌಂಟರ್ ಖಾಲಿ ಉಂಟು. ಆದ್ರೆ ನಿಮ್ಮನ್ನು ಕೂರಿಸಿದ್ರೆ ಗಿರಾಕಿಗಳಿಗೂ ಹೀಗೇ ಉತ್ತರ ಕೊಟ್ಟೀರಿ.” ಕಾಗದ ಮಡಿಚಿ ಕೊಟ್ಟು, “ರಿಜಿಸ್ಟರ್ಡ್ ಪೋಸ್ಟಿನಲ್ಲೇ ಕಳಿಸಿ. ಕೈಯಲ್ಲಿ ಕೊಟ್ರೆ ಬರಲೇ ಇಲ್ಲ ಅಂತಾರೆ.”

ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಯಾವ ಪಕ್ಷ ಎಂದು ಮೊದಲೇ ಊಹಿಸಲು ನನಗೆ ಆಗುವುದಿಲ್ಲ.

ಸೆಪ್ಟೆಂಬರ್ 25, ಗುರುವಾರ

ಕ್ಲಾಸು ನಡೆಯುತ್ತಿದೆ. ಆದೇಶದ ಪ್ರಕಾರ ಇಲ್ಲ. ಸಂಜೆಯ ಪ್ರಕಾರ ಉಂಟು.

ಹಾಜರಿ ಕರೆಯುತ್ತೇನೆ. ಯಾರಿಗೆ ಕಳಿಸುವುದು ಎಂದು ಗೊತ್ತಿಲ್ಲದ ಹಾಜರಿ. ಹೈಕೋರ್ಟಿಗೆ ಹೋಗುವ ಮಾತು ಎತ್ತಿದವರು ರಾಜೀವಿ. ಮೀನು ಮಾರುವ ಹೆಂಗಸರ ಸಂಘದ ವಕೀಲರೊಬ್ಬರಿದ್ದಾರಂತೆ, ಅರ್ಜಿಗೆ ಎಲ್ಲರೂ ಸಹಿ ಹಾಕಿದ್ದಾರೆ. ಅದರಲ್ಲಿ ನಾನಿಲ್ಲ. ಕೇಳಿದೆ.

“ನೀವು ನೌಕರಿಯವರು ಸರ್, ನಿಮಗೆ ಕಷ್ಟ ಆಗ್ತದೆ ಅಂತ ಬಿಟ್ಟೆವು.”

ಪೆನ್ನು ಕೇಳಿ ತೆಗೆದುಕೊಂಡೆ.

ಅಕ್ಟೋಬರ್ 6, ಸೋಮವಾರ. ಸಂಜೆ, ಕ್ಲಾಸಿನಲ್ಲೇ

ಇಂಟರ್ನಲ್ ಟೆಸ್ಟ್. ಎಲ್ಲರೂ ಬರೆಯುತ್ತಿದ್ದಾರೆ, ನಾನೂ ಬರೆಯುತ್ತಿದ್ದೇನೆ.

ಇವತ್ತಿನಿಂದ ಗೇಟಿಗೆ ಬೀಗ ಹಾಕಬೇಕೆಂದು ವಾಚ್‌ಮನ್ ಬೂಬಣ್ಣನಿಗೆ ಮೇಲಿನಿಂದ ಹೇಳಿದ್ದಾರೆ. ನಾವೆಲ್ಲ ಒಳಗೆ ಬಂದ ಮೇಲೆ ಹಾಕಿದರು. “ಬೀಗ ಹಾಕು ಅಂದ್ರು, ಹಾಕಿದ್ದೇನೆ. ಖಾಲಿ ಮಾಡಿ ಹಾಕು ಅನ್ಲಿಲ್ಲ.”

ಕೆಳಗೆ ಹಾರ್ನ್. ಬಿಳಿ ಕಾರು. ಬೂಬಣ್ಣ ಅಂಗಿಯ ಜೇಬು, ಚಡ್ಡಿಯ ಜೇಬು, ಮತ್ತೆ ಅಂಗಿಯ ಜೇಬು ತಡಕುತ್ತಿದ್ದಾರೆ. ಇಷ್ಟು ನಿಧಾನವಾಗಿ ಬೀಗದ ಕೈ ಹುಡುಕುವವರನ್ನು ನಾನು ನೋಡಿಲ್ಲ.

ಲೋಕನಾಥನ ಫೋನ್. “ಪೃಥ್ವಿ, ರಿಜಿಸ್ಟ್ರಾರ್ ಬಂದಿದ್ದಾರೆ. ಕೆಳಗೆ ಬಾ.”

“ಅವರು ಮೇಲೆ ಬರಲಿ. ಸಂಜೆ ಬನ್ನಿ ಎಂದು ನಾನೇ ಕರೆದದ್ದು.”

ಆಮೇಲೆ ಲೋಕನಾಥ, ತೀರ ಸಣ್ಣ ದನಿಯಲ್ಲಿ — “ಎಲ್ಲರೂ ಉಂಟಾ?”

“ಎಲ್ಲರೂ.”

“ಹಾಗಾದ್ರೆ ಕರ್ಕೊಂಡು ಬರ್ತೇನೆ.” ಫೋನ್ ಇಟ್ಟ.

ಗೇಟು ತೆರೆದ ಸದ್ದು. ಮೆಟ್ಟಿಲಲ್ಲಿ ಹೆಜ್ಜೆ, ಒಬ್ಬರದಲ್ಲ. ಯಾರೂ ತಲೆ ಎತ್ತಲಿಲ್ಲ. ರಾಜೀವಿ ಬರೆಯುತ್ತಲೇ ಕೇಳಿದರು, “ಸರ್, ಟೈಮ್ ಆಯಿತಾ?”

“ಇಲ್ಲ. ಬರೆಯಿರಿ.”

ಎದ್ದು ಬಾಗಿಲನ್ನು ಪೂರ್ತಿ ತೆರೆದಿಡಬೇಕು. ಹೊರಗಿನಿಂದಲೇ ಎಣಿಸಿ ಹೋಗುವುದು ಬೇಡ, ಒಳಗೆ ಬಂದು ಒಬ್ಬೊಬ್ಬರ ಹೆಸರು ಕೇಳಿ ಎಣಿಸಲಿ. ಹೆಜ್ಜೆ ಬಾಗಿಲಿಗೆ ಬಂತು —