ನಿರ್ಗಂಧವಾದ ಅಂಗಿ

ಏನೂಂದ್ರೆ,

ಸಂಜೆ ಆರು ಗಂಟೆ. ಇವತ್ತು ಬಟ್ಟೆ ಒಗೆದೆ, ಬೀರು ಒರೆಸಿದೆ. ಮಧ್ಯಾಹ್ನ ಅಳು ಬಂದಿತ್ತು, ಈಗ ನಗು ಬರುತ್ತಿದೆ. ಯಾಕೆಂದು ನಿಮಗೆ ಹೇಳದೆ ಇರಲಾರೆ.

ನೀವು ಹೋದ ಮೇಲೆ ನಿಮ್ಮ ಕೆಲಸದ ಅಂಗಿಯೊಂದನ್ನು ಒಗೆಯದೆ ಇಟ್ಟುಕೊಂಡಿದ್ದೆ. ದಿನವೂ ಬೀರು ತೆರೆದು ಮೂಸುತ್ತಿದ್ದೆ. ತೋಳಿನಲ್ಲಿ ಮರದ ಪಾಲಿಶ್, ಕಾಲರಿನಲ್ಲಿ ತಲೆಯೆಣ್ಣೆ, ಬೆವರು. ಜ್ವರ, ನೆಗಡಿ ಎಂದು ಮಲಗಿದ್ದವಳು ಇವತ್ತು ಎದ್ದು ಮೂಸಿದರೆ ಏನೂ ಇಲ್ಲ. ಮೂಸಿ ಮೂಸಿ ನಾನೇ ಖಾಲಿ ಮಾಡಿಬಿಟ್ಟೆ ಅನ್ನಿಸಿತು.

ನೀವೊಮ್ಮೆ ತಂದಿದ್ದ ಹೊಸ ಡಬ್ಬಿ ನೆನಪಾಯಿತು. ಮೇಲೆ 'ನಿರ್ಗಂಧ ಪಾಲಿಶ್' ಎಂದಿತ್ತು. ಹಾಗಂದರೇನು ಎಂದು ಕೇಳಿದ್ದೆ.

"ಸಂಸ್ಕೃತದ ಮಾತು ಕಣೇ. 'ನಿರ್' ಅಂದ್ರೆ ಇಲ್ಲ, 'ಗಂಧ' ಅಂದ್ರೆ ವಾಸನೆ," ಅಂದಿರಿ. ಗಂಧ ಅಂದರೆ ಘಮಘಮ ಅನ್ನುವುದಲ್ಲವೇ ಎಂದು ನಾನು ವಾದಕ್ಕಿಳಿದೆ. ನೀವು ಬಿಡಲಿಲ್ಲ: "ಮತ್ತೆ ದುರ್ಗಂಧದಲ್ಲೂ ಗಂಧ ಇದೆಯಲ್ಲ? ಮೂಗಿಗೆ ಬಂದಿದ್ದೆಲ್ಲ ಗಂಧಾನೇ. ನಿರ್ಗಂಧ ಅಂದ್ರೆ ಘಮಾನೂ ಇಲ್ಲ, ನಾತಾನೂ ಇಲ್ಲ."

"ಹಾಗಾದ್ರೆ ನೀವು ಈ ಜನ್ಮದಲ್ಲಿ ನಿರ್ಗಂಧ ಆಗಲ್ಲ ಬಿಡಿ," ಅಂದಿದ್ದೆ. ನೀವು ಕೆಮ್ಮು ಬರುವಷ್ಟು ನಕ್ಕಿದ್ದಿರಿ. ಆ ಮಾತು ಸುಳ್ಳಾಯಿತಲ್ಲ ಎಂದು ಅಂಗಿ ಹಿಡಿದು ಕಣ್ಣೀರು ಹಾಕಿದೆ.

ಕೊನೆಗೊಂದು ಹುಚ್ಚು ಮಾಡಿದೆ. ನಿಮ್ಮ ಹಳೇ ಪಾಲಿಶ್ ಡಬ್ಬಿ ಹುಡುಕಿ, ತೋಳಿಗೆ ಒಂದು ತೊಟ್ಟು ಹಚ್ಚೋಣವೆಂದು ಮುಚ್ಚಳ ತೆಗೆದೆ. ಅದಕ್ಕೂ ವಾಸನೆಯಿಲ್ಲ. ಇದೂ ಕೆಟ್ಟಿತು ಎಂದುಕೊಳ್ಳುವಷ್ಟರಲ್ಲಿ ಸೊಸೆ ಮೂಗು ಹಿಡಿದುಕೊಂಡು ಓಡಿಬಂದಳು.

"ಅತ್ತೇ, ಮುಚ್ಚಿ ಅದನ್ನ! ಮನೆಯೆಲ್ಲ ನಾರ್ತಿದೆ, ನಿಮಗೆ ಗೊತ್ತಾಗ್ತಿಲ್ವಾ?"

ನನಗೆ ಗೊತ್ತಾಗಿರಲಿಲ್ಲ. ಅಂಗಿಯನ್ನು ಹಿತ್ತಲಿಗೆ ಒಯ್ದು ಅವಳ ಮುಖಕ್ಕೆ ಹಿಡಿದೆ. ಮೂಸಿದಳು, ಮುಖ ಕಿವುಚಿದಳು.

"ಅಯ್ಯೋ, ಮಾವ ಇಲ್ಲೇ ನಿಂತ ಹಾಗಿದೆ! ಪಾಲಿಶ್ಶು, ಎಣ್ಣೆ, ಬೆವರು, ಒಂದೂ ಹೋಗಿಲ್ಲ." ಆಮೇಲೆ ಅವಳ ಕಣ್ಣೂ ತುಂಬಿತು.

ನೀವು ಹಾಗೇ ಇದ್ದೀರಂತೆ ಕಣ್ರೀ. ಕೆಟ್ಟಿದ್ದು ನನ್ನ ಮೂಗು. ಕಾಯಿಲೆಯ ಸುದ್ದಿಗೆ ಯಾರಾದರೂ ಇಷ್ಟು ಹಿಗ್ಗಿದ್ದಾರೋ ಇಲ್ಲವೋ. ಅಂಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಗಂಟು ಹಾಕಿದ್ದೇನೆ. ನನ್ನ ಮೂಗು ಸರಿಹೋಗದಿದ್ದರೂ ಚಿಂತೆಯಿಲ್ಲ, ಆಗಾಗ ಸೊಸೆಯನ್ನು ಕೇಳಿದರಾಯಿತು.

ಎಲ್ಲಿದ್ದರೂ ನೆಮ್ಮದಿಯಾಗಿರಿ. ನಾಳೆ ಹತ್ತು ಗಂಟೆಗೆ ಅವಳು ನನ್ನನ್ನು ಮೂಗಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ.

ನಿಮ್ಮ
'ಏ ಇವಳೇ'