ಅಕ್ಕಿ ಡಬ್ಬಿಯೊಳಗಿನ ಭಾಷಣ

ಈ ಚೀಟಿ ನಿಮ್ಮ ತಲಿ ರುಮಾಲಿನ ಸುತ್ತಿನ್ಯಾಗ ಇಟ್ಟೇನಿ, ಅತ್ತಿಯವರಿಗೆ ಸಿಗಬಾರದು.

ಚಕ್ಕಡಿ ಬಂದು ನಿಂತದ. ನಮ್ಮಣ್ಣ ಇವತ್ತು ಜೇಲಿನಿಂದ ಬಿಡುಗಡಿ ಆಗಿ ಬರ್ತಾನ, ಕರಕೊಂಡು ಬರಲಿಕ್ಕೆ ಯಲವಿಗಿ ಸ್ಟೇಶನ್ನಿಗೆ ಹೊಂಟೇನಿ.

ಅತ್ತಿಯವರ ಮಡಿನೀರು ತುಂಬಿಟ್ಟೇನಿ. ಸಾಲ್ಯಾಗ ಮಾಮಲೇದಾರರು ಪೇಢೆ ಕೊಟ್ರ, ಇವತ್ತು ಏಕಾದಶಿ ಅಂತ ಹೇಳಿ ಕೈ ಮುಗೀರಿ. ಅದರ ಮ್ಯಾಲೆ ಒಂದು ಮಾತೂ ಬ್ಯಾಡ.

ಇಂಗ್ರೇಜರ ಇವತ್ತಿನ ಸಾಮ್ರಾಜ್ಯ ದಿನದ ಸಭಾಕ್ಕ ಹೋಗಬ್ಯಾಡ್ರಿ ಅಂತ ಎಂಟು ದಿನ ಜಗಳಾಡಿದೆ. ನಮ್ಮಣ್ಣನ ಹೊಲಾ ಕಸಗೊಂಡವರ ನಿಶಾನಿ ಹಾರೋ ಕಂಬದ ಕೆಳಗ ನಿಂತು ಅವರನ್ನ ಹೊಗಳತೀರೇನು ಅಂತ ಕೇಳಿದೆ. ನೀವು "ಹೆಡ್‌ಮಾಸ್ತರ ನಾನು, ಹೋಗಲೇಬೇಕು" ಅಂದ್ರಿ.

ಈಗ ಕೋಟು ಝಾಡಿಸೋ ಮುಂದ ಕಿಸೆದಾಗ ನಿಮ್ಮ ಭಾಷಣ ಸಿಕ್ತು. ಹೊಗಳಿಕಿ ಒಂದು ಸಾಲೂ ಇಲ್ಲ. ಕರ ಕೊಡಲಿಲ್ಲ ಅಂತ ಹೊಲ ಕಳಕೊಂಡ ಮಾಸೂರಿನ ಹನ್ನೊಂದು ಮಂದಿ ಹೆಸರವ, ಅಣ್ಣನದು ಮೊದಲು.

ನಾನು ಮನ್ಯಾಗ ಇರ್ರಿ ಅಂದಿದ್ದೆ, ಹಿಂಗ ಮಾಡ್ರಿ ಅಂದಿರಲಿಲ್ಲ. ಒಬ್ಬರು ಜೇಲಿನಿಂದ ಹೊರಗ ಬರೋ ದಿನಾನ ಇನ್ನೊಬ್ಬರು ಒಳಗ ಹೋದ್ರ ನಾ ಯಾರ ಮುಖಾ ನೋಡಲಿ? ಬಾದಶಹರು ಸುಖವಾಗಿರಲಿ ಅಂತ ಎರಡು ಮಾತು ಹೇಳಿ ಮನಿಗೆ ಬಂದುಬಿಡ್ರಿ.

ಆ ಕಾಗದ ಒಲಿಗೆ ಹಾಕಲಿಕ್ಕೆ ಹೋದೆ, ಕೈ ಬರಲಿಲ್ಲ. ಅಕ್ಕಿ ಡಬ್ಬಿಯೊಳಗ ಇಟ್ಟೇನಿ. ಉಪಾಸದ ದಿನ ಅದರ ಮುಚ್ಚಳ ಯಾರೂ ತಗಿಯೂದಿಲ್ಲ.

ನೀವು ತಗದ್ರ, ಒಂದು ಗೊತ್ತಿರಲಿ. ಮಾಸೂರಿನ ಹುಚ್ಚವ್ವನ ಹೊಲಾನೂ ಹೋಗ್ಯದ, ಅಕಿ ಹೆಸರು ಬಿಟ್ಟಿದ್ರಿ. ಆ ಹನ್ನೊಂದು ಹೆಸರಿನ ಕೆಳಗ ನಾ ಬರದೇನಿ.